ಹಳೆಯ ಗಣಕದ ವಯಸ್ಸು: ಕಮಲಾಪುರದ ನಾಲ್ಕು ಯಂತ್ರಗಳು ಮತ್ತು ಲಿನಕ್ಸ್‌ನ ಮೂರು ದಶಕ

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಸಾಗಿದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. 2025ರ ನವೆಂಬರ್‌ನಲ್ಲಿ ಅಲ್ಲಿನ ಪ್ರೌಢಶಾಲೆಯೊಂದಕ್ಕೆ ವಿಜ್ಞಾನ ಉಪನ್ಯಾಸಕ್ಕೆಂದು ಹೋಗಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಒಂದು ಕೋಣೆಯ ಬೀಗ ತೆಗೆಸಿದರು. ಒಳಗೆ ದೂಳು ಹಿಡಿದ ನಾಲ್ಕು ಗಣಕಗಳು, ಅವುಗಳ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು.

"ಹತ್ತು ವರ್ಷ ಆಯ್ತ್ರಿ ಸರ, ಯಾರೂ ಮುಟ್ಟಿಲ್ಲ. ಸ್ಟಾಕ್ ರಿಜಿಸ್ಟರದಾಗ ಅವ, ಅದಕ್ಕ ಇಟ್ಟೀವಿ. ಇಲ್ಲಂದ್ರ ಯಾವಾಗೋ ಗುಜರಿಗಿ ಹೋಗ್ತಿದ್ವು" ಎಂದರು. ಜೊತೆಗಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಇವು ನಾವು ಹುಟ್ಟೋಕ್ಕಿಂತ ಮೊದಲಿನವು ಏನ್ರಿ ಸರ?" ಎಂದು ಕೇಳಿದಳು. ಪೆಟ್ಟಿಗೆಯ ಹಿಂಬದಿಯ ಚೀಟಿ ನೋಡಿದೆವು. 2004 ಎಂದಿತ್ತು. ಅವಳಿಗಿಂತ ಆರೇಳು ವರ್ಷ ದೊಡ್ಡವು.

ಮುಖ್ಯೋಪಾಧ್ಯಾಯರ ನಿಜವಾದ ಚಿಂತೆ ಬೇರೆ ಇತ್ತು. ಪಕ್ಕದ ಕೋಣೆಯಲ್ಲಿ ಮಕ್ಕಳು ದಿನವೂ ಬಳಸುವ, 2016ರಲ್ಲಿ ಬಂದ ಹತ್ತು ಗಣಕಗಳಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತ್ತು. ಹೆಚ್ಚುವರಿ ಭದ್ರತಾ ಪರಿಷ್ಕರಣೆಗೆ ಬೇರೆ ಯೋಜನೆ ಇದ್ದರೂ ಅದು ಕೆಲವೇ ವರ್ಷಗಳದ್ದು. 2021ರಲ್ಲಿ ಬಂದ ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ಭಾಗವನ್ನೂ, ಇಂಟೆಲ್‌ನದಾದರೆ ಎಂಟನೆಯ ತಲೆಮಾರಿನ ಅಥವಾ ಅನಂತರದ ಸಂಸ್ಕಾರಕವನ್ನೂ ಕೇಳುತ್ತದೆ. ಆ ತಲೆಮಾರು ಬಂದದ್ದೇ 2017ರಲ್ಲಿ. "ಇವೂ ಮುಗಿದ್ವು, ಹೊಸವು ತಗೋರಿ ಅಂತ ಹೇಳ್ಯಾರ್ರಿ. ರೊಕ್ಕ ಎಲ್ಲಿಂದ ತರೋದು?" ಎಂಬುದು ಅವರ ಪ್ರಶ್ನೆ.

ನಾಲ್ಕು ಮುದಿ ಯಂತ್ರಗಳು, ಹತ್ತು ನಡುವಯಸ್ಸಿನ ಯಂತ್ರಗಳು. ಇವು ಹಳೆಯವು ಎಂದು ತೀರ್ಮಾನಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಗಣಕದ ಒಳಗನ್ನೂ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಚರಿತ್ರೆಯನ್ನೂ ನೋಡಬೇಕಾಗುತ್ತದೆ.

ಸವೆಯುವುದು ಯಾವುದು?

ಎತ್ತಿನ ಬಂಡಿಯ ಅಚ್ಚು ಸವೆಯುತ್ತದೆ, ಹೊಲಿಗೆ ಯಂತ್ರದ ಸೂಜಿ ಮೊಂಡಾಗುತ್ತದೆ. ಆದರೆ ಸಿಲಿಕಾನ್ ಬಿಲ್ಲೆಯ ಮೇಲಿನ ಟ್ರಾನ್ಸಿಸ್ಟರುಗಳು ಶಾಲೆಯ ಬಳಕೆಯಲ್ಲಿ ಹಾಗೆ ಸವೆಯುವುದಿಲ್ಲ. 2004ರಲ್ಲಿ ಸೆಕೆಂಡಿಗೆ 240 ಕೋಟಿ ಸ್ಪಂದನಗಳಲ್ಲಿ ಕೆಲಸ ಮಾಡುತ್ತಿದ್ದ 2.4 ಗಿಗಾಹರ್ಟ್ಸ್ ಪೆಂಟಿಯಂ 4 ಇಂದೂ ಅದೇ ವೇಗದಲ್ಲಿ ಕೆಲಸ ಮಾಡುತ್ತದೆ.

ಸವೆಯುವ ಭಾಗಗಳು ಬೇರೆ. ಫ್ಯಾನಿನ ಮತ್ತು ಹಾರ್ಡ್ ಡಿಸ್ಕಿನ ಬೇರಿಂಗುಗಳು ಸವೆಯುತ್ತವೆ. ಗಡಿಯಾರಕ್ಕೆ ವಿದ್ಯುತ್ ಕೊಡುವ ನಾಣ್ಯದಾಕಾರದ ಕೋಶ ಖಾಲಿಯಾಗುತ್ತದೆ. ಮದರ್‌ಬೋರ್ಡಿನ ವಿದ್ಯುದ್ವಿಭಾಜಕ ಕೆಪಾಸಿಟರುಗಳು ಕೆಡುತ್ತವೆ. ಸುಮಾರು 1999ರಿಂದ 2007ರವರೆಗೆ ತಯಾರಾದ ಅನೇಕ ಬೋರ್ಡುಗಳಲ್ಲಿ ಇವುಗಳ ಒಳಗಿನ ದ್ರಾವಣ ಕಳಪೆಯಾಗಿತ್ತು. ಬಿಸಿಯಾದಾಗ ಅನಿಲ ಉತ್ಪತ್ತಿಯಾಗಿ ಕೆಪಾಸಿಟರಿನ ತಲೆ ಉಬ್ಬಿ ಕೊನೆಗೆ ಒಡೆಯುತ್ತಿತ್ತು.

ಇವೆಲ್ಲ ಬದಲಿಸಬಹುದಾದ ಭಾಗಗಳು. ಹೀಗಿದ್ದರೂ ಬಹುಪಾಲು ಗಣಕಗಳು ಮೂಲೆ ಸೇರುವುದು ಇವು ಕೆಟ್ಟದ್ದರಿಂದಲ್ಲ. ತಯಾರಕರು ತಂತ್ರಾಂಶದ ಪರಿಷ್ಕರಣೆ ನಿಲ್ಲಿಸುತ್ತಾರೆ, ಹೊಸ ತಂತ್ರಾಂಶ ಹೆಚ್ಚು ಸ್ಮೃತಿಯನ್ನು ಕೇಳುತ್ತದೆ, ಗಣಕ 'ಹಳೆಯದಾಗುತ್ತದೆ'. ಕಮಲಾಪುರದ ನಾಲ್ಕೂ ಯಂತ್ರಗಳಲ್ಲಿ ಇದ್ದದ್ದು 2001ರ ವಿಂಡೋಸ್ ಎಕ್ಸ್‌ಪಿ. ಅದರ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಕೋಣೆಗೆ ಬೀಗ ಬಿದ್ದದ್ದೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ.

ಕಂತಿನ ಮೇಲೆ ಕೊಂಡ 386

ಲಿನಕ್ಸ್ ಹುಟ್ಟಿದ್ದು ಹಳೆಯ ಯಂತ್ರಗಳನ್ನು ಉಳಿಸಲೆಂದಲ್ಲ. 1991ರ ಆರಂಭದಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಕಂತಿನ ಮೇಲೆ ಒಂದು ಹೊಸ ಗಣಕ ಕೊಂಡರು. ಅದರಲ್ಲಿದ್ದದ್ದು ಇಂಟೆಲ್ 386 ಸಂಸ್ಕಾರಕ, 4 ಮೆಗಾಬೈಟ್ ಸ್ಮೃತಿ. 1985ರಲ್ಲಿ ಬಿಡುಗಡೆಯಾದ ಆ ಸಂಸ್ಕಾರಕದಲ್ಲಿ 2,75,000 ಟ್ರಾನ್ಸಿಸ್ಟರುಗಳಿದ್ದವು. ಕಮಲಾಪುರದ ಪೆಂಟಿಯಂನಲ್ಲಿ ಸುಮಾರು 5.5 ಕೋಟಿ ಇವೆ, ಅಂದರೆ 200 ಪಟ್ಟು. ಅದರ 256 ಮೆಗಾಬೈಟ್ ಸ್ಮೃತಿ ಟೋರ್ವಾಲ್ಡ್ಸರ ಯಂತ್ರದ 64 ಪಟ್ಟು.

386ರ ವಿಶೇಷ ವೇಗವಷ್ಟೇ ಅಲ್ಲ, ಸ್ಮೃತಿಯ ರಕ್ಷಣೆ. ಊರಿನ ಹೊಲಗಳಿಗೆ ನಕಾಶೆ ಮತ್ತು ಪಹಣಿ ಇರುವಂತೆ, ಪ್ರತಿಯೊಂದು ಕಾರ್ಯಕ್ರಮಕ್ಕೂ ಸ್ಮೃತಿಯ ಪ್ರತ್ಯೇಕ ನಕಾಶೆಯನ್ನು ಅದು ಇಡಬಲ್ಲದು. ಒಬ್ಬರ ಹೊಲಕ್ಕೆ ಇನ್ನೊಬ್ಬರು ನೇಗಿಲು ಹೂಡಿದರೆ ಯಂತ್ರಾಂಶವೇ ತಡೆಯುತ್ತದೆ. ಈ ನಕಾಶೆಗಳನ್ನು ಕಾಯುವ ತಲಾಟಿ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅಂದರೆ ಕರ್ನೆಲ್. ಟೋರ್ವಾಲ್ಡ್ಸ್ ಬರೆದದ್ದು ಈ ತಿರುಳನ್ನೇ. 1991ರ ಆಗಸ್ಟ್ 25ರಂದು ಅವರು ತಮ್ಮ ಪ್ರಯತ್ನವನ್ನು ಪ್ರಕಟಿಸಿದಾಗ, ಅದು ಬೇರೆ ಬಗೆಯ ಯಂತ್ರಗಳಲ್ಲಿ ನಡೆಯುವ ನಿರೀಕ್ಷೆ ಅವರಿಗೇ ಇರಲಿಲ್ಲ.

ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ 'ಗ್ನು' ಯೋಜನೆಯನ್ನು ಘೋಷಿಸಿದ್ದರು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಅದರ ತತ್ತ್ವ. 1992ರಲ್ಲಿ ಲಿನಕ್ಸ್ ಅದೇ ಗ್ನು ಪರವಾನಗಿಯ ಅಡಿಯಲ್ಲಿ ಬಂತು. ಹಳೆಯ ಗಣಕಗಳ ಅದೃಷ್ಟ ತೆರೆದದ್ದು ಇಲ್ಲಿಯೇ. ಪ್ರಿಂಟರ್, ಧ್ವನಿ ಫಲಕ, ಜಾಲ ಫಲಕಗಳನ್ನು ನಡೆಸುವ ಚಾಲಕ ತಂತ್ರಾಂಶದ ಮೂಲ ಬರಹ ಒಮ್ಮೆ ತಿರುಳಿನೊಳಗೆ ಸೇರಿದರೆ, ಆ ಭಾಗದ ತಯಾರಕರು ಅಂಗಡಿ ಮುಚ್ಚಿದರೂ ಅದು ಅಲ್ಲಿರುತ್ತದೆ. ಯಾರಾದರೂ ಒಬ್ಬರು ಅದನ್ನು ನೋಡಿಕೊಳ್ಳುತ್ತಿದ್ದರೆ ಸಾಕು.

ಸಿ.ಡಿ.ಯಲ್ಲಿ ಬಂದ ವ್ಯವಸ್ಥೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅಂದಿನ ದೂರವಾಣಿ ಮೋಡೆಮ್ ಸೆಕೆಂಡಿಗೆ 28,800 ಬಿಟ್ ವೇಗದಲ್ಲಿ ಒಂದಿಷ್ಟೂ ತಡೆಯಿಲ್ಲದೆ ನಡೆಯಿತೆಂದೇ ಇಟ್ಟುಕೊಳ್ಳಿ. 650 ಮೆಗಾಬೈಟಿನ ಒಂದು ಸಿ.ಡಿ. ಎಂದರೆ 520 ಕೋಟಿ ಬಿಟ್. ಭಾಗಿಸಿ ನೋಡಿದರೆ 1,80,000 ಸೆಕೆಂಡಿಗೂ ಹೆಚ್ಚು, ಅಂದರೆ ಸುಮಾರು 50 ಗಂಟೆ! ದೂರವಾಣಿಯ ಬಿಲ್ಲನ್ನು ಊಹಿಸಿಕೊಳ್ಳಿ.

ಹೀಗಾಗಿ ನಮ್ಮ ಭಾಗಕ್ಕೆ ಲಿನಕ್ಸ್ ಬಂದದ್ದು ತಂತಿಯ ಮೂಲಕವಲ್ಲ, ಅಂಚೆಯ ಮೂಲಕ. 1990ರ ದಶಕದ ನಡುವಿನಿಂದ 'ಪಿಸಿ ಕ್ವೆಸ್ಟ್' ಮಾಸಿಕ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿ.ಡಿ.ಗಳನ್ನು ಹಂಚಿತು. ಒಂದು ಸಿ.ಡಿ. ಹತ್ತು ಕೈ ದಾಟುತ್ತಿತ್ತು, ಹಾಗೆ ದಾಟಿಸುವುದು ಕಾನೂನುಬದ್ಧವೂ ಆಗಿತ್ತು. ಅನಂತರ ಉಬುಂಟು ಬಂತು. ಕೇಳಿದವರಿಗೆಲ್ಲ ಉಚಿತವಾಗಿ ಸಿ.ಡಿ. ಕಳಿಸುವ ಅದರ ಯೋಜನೆ 2011ರವರೆಗೆ ನಡೆಯಿತು. ಕಲಬುರಗಿಯ ನಮ್ಮ ಮನೆಗೂ ಅಂತಹ ಒಂದು ಲಕೋಟೆ ಬಂದಿತ್ತು. ಆಗ ಊರಿನ ಹೆಸರು ಇನ್ನೂ ಗುಲಬರ್ಗಾ.

ಕನ್ನಡಿಗರ ಕೈಯಲ್ಲಿ

ಕಡಿಮೆ ಶಕ್ತಿಯ ಯಂತ್ರದಿಂದ ಹೆಚ್ಚು ಕೆಲಸ ತೆಗೆಯುವ ಪ್ರಯತ್ನ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕ 206 ಮೆಗಾಹರ್ಟ್ಸ್ ಸಂಸ್ಕಾರಕದ ಮೇಲೆ ಲಿನಕ್ಸ್ ನಡೆಸುತ್ತಿತ್ತು. 2004ರಲ್ಲಿ ಅದು ಮಾರುಕಟ್ಟೆಗೂ ಬಂತು. ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಬಡವರ ಕೈಗೂ ಗಣಕ ತಲಪಬೇಕು, ಅದು ಭಾರತೀಯ ಭಾಷೆಯಲ್ಲಿ ಮಾತನಾಡಬೇಕು ಎಂಬ ಅದರ ಆಶಯ ಮಾತ್ರ ಸರಿಯಾಗಿಯೇ ಇತ್ತು. ಮುಂದೆ ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ಕಟ್ಟಿದರು. ಅಲ್ಲಿನ ಮಕ್ಕಳು ಗ್ನು/ಲಿನಕ್ಸ್‌ನಲ್ಲಿ ಚಿತ್ರ ಬಿಡಿಸುವುದನ್ನು ಕಲಿತರು.

ಶಾಲೆಗಳ ಮಾತಿಗೆ ಬಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ನಮಗಿಂತ ಮುಂದಿದ್ದಾರೆ. 2001ರಲ್ಲಿ ಆರಂಭವಾದ ಕೇರಳದ ಐಟಿ@ಸ್ಕೂಲ್ ಯೋಜನೆ ಅದೇ ದಶಕದ ಉತ್ತರಾರ್ಧದಲ್ಲಿ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಅಲ್ಲಿ ಹತ್ತನೆಯ ತರಗತಿಯ ಗಣಕ ಪ್ರಾಯೋಗಿಕ ಪರೀಕ್ಷೆ ಲಿನಕ್ಸ್‌ನಲ್ಲಿಯೇ ನಡೆಯುತ್ತದೆ, ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. ಕರ್ನಾಟಕದಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ 2010ರ ದಶಕದಲ್ಲಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು ಮತ್ತು ಜಿಯೋಜಿಬ್ರಾ ಕಲಿತರು. ಈ ಲೇಖನವನ್ನು ಓದುತ್ತಿರುವ ಕೆಲವರು ಆ ತರಬೇತಿಯಲ್ಲಿ ಕುಳಿತವರೇ ಇರಬಹುದು.

ಶನಿವಾರದ ಪ್ರಯೋಗ

ಎರಡು ವಾರಗಳ ನಂತರ ಒಂದು ಶನಿವಾರ, ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳೊಂದಿಗೆ ಮತ್ತೆ ಕಮಲಾಪುರಕ್ಕೆ ಹೋದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಯೊಂದರಿಂದ 512 ಮೆಗಾಬೈಟಿನ ಎರಡು ಹಳೆಯ ಸ್ಮೃತಿ ಫಲಕಗಳನ್ನೂ ಒಂದು ಡಿವಿಡಿ ಡ್ರೈವನ್ನೂ ತಂದಿದ್ದೆವು.

ಮೊದಲನೆಯ ಯಂತ್ರದ ಮುಚ್ಚಳ ತೆಗೆದಾಗ ಐದು ಕೆಪಾಸಿಟರುಗಳ ತಲೆ ಉಬ್ಬಿತ್ತು. ಅದನ್ನು ಬದಿಗಿಟ್ಟೆವು. ಎರಡನೆಯದರ ಹಾರ್ಡ್ ಡಿಸ್ಕ್ 'ಟಿಕ್ ಟಿಕ್' ಎನ್ನುತ್ತಿತ್ತೇ ಹೊರತು ಗುರುತು ಹತ್ತಲಿಲ್ಲ. ಉಳಿದೆರಡಕ್ಕೆ ಹೆಚ್ಚಿನ ಸ್ಮೃತಿ ಕೂಡಿಸಿ ತಲಾ 768 ಮೆಗಾಬೈಟ್ ಮಾಡಿದೆವು. ಯಂತ್ರದ ಗಡಿಯಾರ 2002ರ ಜನವರಿ 1 ಎಂದು ತೋರಿಸುತ್ತಿತ್ತು. ಬಸ್ ನಿಲ್ದಾಣದ ಬಳಿಯ ವಾಚ್ ಅಂಗಡಿಯಿಂದ ಹೊಸ ಕೋಶ ತಂದು ಹಾಕಿದೆವು. ಇದು ಸಣ್ಣ ವಿಷಯವಲ್ಲ. ಗಡಿಯಾರ ತಪ್ಪಾಗಿದ್ದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳನ್ನು ಬ್ರೌಸರ್ ಒಪ್ಪುವುದಿಲ್ಲ, ಒಂದು ಪುಟವೂ ತೆರೆಯುವುದಿಲ್ಲ.

ನಾನು ಮಾಡಿದ ತಪ್ಪು ಮುಂದಿನದು. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರ ಡಿವಿಡಿಯನ್ನು ಹೆಮ್ಮೆಯಿಂದ ಹಾಕಿದೆ. ಪರದೆಯ ಮೇಲೆ ಒಂದೇ ಸಾಲು ಬಂತು: ಈ ತಿರುಳಿಗೆ 64 ಬಿಟ್ ಸಂಸ್ಕಾರಕ ಬೇಕು, ಇಲ್ಲಿರುವುದು 32 ಬಿಟ್‌ನದು. ಮಕ್ಕಳು ನನ್ನ ಮುಖ ನೋಡಿದರು. ಅದೃಷ್ಟಕ್ಕೆ ವಿದ್ಯಾರ್ಥಿಯೊಬ್ಬನ ಚೀಲದಲ್ಲಿ 2023ರ ಡೆಬಿಯನ್ 12ರ 32 ಬಿಟ್ ಆವೃತ್ತಿಯ ಡಿವಿಡಿ ಇತ್ತು. ಅದು ನಡೆಯಿತು. ಡಿಸ್ಕನ್ನು ವಿಭಾಗಿಸುವುದು, ಸಮಯ ವಲಯ ಆರಿಸುವುದು, ಗುಪ್ತಪದ ಇಡುವುದು, ಎಲ್ಲವನ್ನೂ ಮಕ್ಕಳಿಂದಲೇ ಮಾಡಿಸಿದೆವು. ಒಂದೂವರೆ ಗಂಟೆಯ ನಂತರ ಎಲ್‌ಎಕ್ಸ್‌ಡಿಇ ಎಂಬ ಹಗುರ ಮೇಜುತೆರೆ ಮೂಡಿತು. "ಶುರು ಆಯ್ತ್ರಿ ಸರ!" ಎಂಬ ಕೂಗು ಹೊರಗಿನ ಅಂಗಳಕ್ಕೂ ಕೇಳಿಸಿತು.

ಕೆ. ಪಿ. ರಾವ್ ಅವರು ರೂಪಿಸಿದ ಕ-ಗ-ಪ ಕೀಲಿಮಣೆ ವಿನ್ಯಾಸವೂ 'ಗುಬ್ಬಿ', 'ನವಿಲು' ಎಂಬ ಕನ್ನಡ ಲಿಪಿಗಳೂ ಡೆಬಿಯನ್‌ನಲ್ಲಿ ಲಭ್ಯ. ಹುಡುಗಿ ತನ್ನ ಹೆಸರನ್ನು, ಊರಿನ ಹೆಸರನ್ನು ಟೈಪ್ ಮಾಡಿದಳು. ಒತ್ತಕ್ಷರಗಳು ಸರಿಯಾಗಿ ಕೂಡಿ ಬಂದವು.

ಹಾಗೆಂದು ಪವಾಡವೇನೂ ನಡೆಯಲಿಲ್ಲ. ಮೊಬೈಲ್ ಮೂಲಕ ಅಂತರಜಾಲ ಕೊಟ್ಟಾಗ ಒಂದು ಸಾಧಾರಣ ಜಾಲಪುಟ ತೆರೆಯಲು ಅರ್ಧ ನಿಮಿಷ ಹಿಡಿಯಿತು, ವಿಡಿಯೋ ನಿಂತು ನಿಂತು ಓಡಿತು. ಇಂದಿನ ಜಾಲಕ್ಕೆ ಆ ಯಂತ್ರ ತಕ್ಕದ್ದಲ್ಲ. ಪ್ರಯೋಗಶಾಲೆಗೆ ಮಾತ್ರ ತಕ್ಕದ್ದು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಅಭಿವೃದ್ಧಿಪಡಿಸಿದ 'ಎಕ್ಸ್‌ಪ್‌ಐಸ್' ಎಂಬ ಅಂಗೈಯಗಲದ ಉಪಕರಣವನ್ನು ಯುಎಸ್‌ಬಿಗೆ ಜೋಡಿಸಿದೆವು. ಇದರ ತಂತ್ರಾಂಶವೂ ಮುಕ್ತ. 100 ಮೈಕ್ರೊಫ್ಯಾರಡ್ ಕೆಪಾಸಿಟರನ್ನು 5 ವೋಲ್ಟ್‌ಗೆ ತುಂಬಿ, 10 ಕಿಲೋ ಓಮ್ ರೋಧಕದ ಮೂಲಕ ಖಾಲಿ ಮಾಡಿದಾಗ ವಕ್ರರೇಖೆ ಪರದೆಯ ಮೇಲೆ ಇಳಿಯಿತು. ಕಾಲ ಸ್ಥಿರಾಂಕ ಒಂದು ಸೆಕೆಂಡ್. ಆ ಹೊತ್ತಿಗೆ ವೋಲ್ಟೇಜ್ ಸುಮಾರು 1.84ಕ್ಕೆ ಇಳಿದಿರಬೇಕು, ಇಳಿದಿತ್ತು. ಮೊದಲ ಯಂತ್ರವನ್ನು ಕೆಡಿಸಿದ ಕೆಪಾಸಿಟರ್ ಎಂದರೇನು ಎಂಬುದು ಮಕ್ಕಳಿಗೆ ಆಗ ಅರ್ಥವಾಯಿತು.

ಮುಕ್ತ ತಂತ್ರಾಂಶವೂ ಬಾಗಿಲು ಮುಚ್ಚುತ್ತದೆ

ಡೆಬಿಯನ್ 13 ನಮ್ಮನ್ನು ಹಿಂದಕ್ಕೆ ಕಳಿಸಿದ್ದು ಏಕೆ? ಲಿನಕ್ಸ್ ಯಾವ ಹಳೆಯ ಗಣಕದಲ್ಲಾದರೂ ನಡೆಯುತ್ತದೆ ಎಂಬ ಮಾತು ಜನಜನಿತ. ಚರಿತ್ರೆ ಹಾಗೆ ಹೇಳುವುದಿಲ್ಲ. 2012ರ ಡಿಸೆಂಬರ್‌ನಲ್ಲಿ ಲಿನಕ್ಸ್ ತಿರುಳಿನಿಂದ 386ರ ಬೆಂಬಲವನ್ನು ತೆಗೆಯಲಾಯಿತು. 2013ರ ಫೆಬ್ರವರಿಯಲ್ಲಿ ಬಂದ 3.8 ಆವೃತ್ತಿ ಟೋರ್ವಾಲ್ಡ್ಸರ ಮೊದಲ ಯಂತ್ರದಂತಹ ಗಣಕಗಳಲ್ಲಿಯೇ ನಡೆಯದು! ಉಬುಂಟು 2017ರಲ್ಲಿ 32 ಬಿಟ್ ಮೇಜು ಗಣಕಗಳ ಅನುಸ್ಥಾಪನಾ ಪ್ರತಿಯನ್ನು ನಿಲ್ಲಿಸಿತು. ಡೆಬಿಯನ್ ಅದೇ ಹೆಜ್ಜೆ ಇಟ್ಟದ್ದು 2025ರಲ್ಲಿ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ ನಿಗದಿಯಾಗಿರುವುದು 2028ರ ಜೂನ್‌ವರೆಗೆ.

ಆದರೂ ಎರಡು ಮುಚ್ಚುವಿಕೆಗಳ ನಡುವೆ ವ್ಯತ್ಯಾಸವಿದೆ. ಒಂದು ಕಡೆ ತಯಾರಕರ ಕಾಲಪಟ್ಟಿ ನಿರ್ಧರಿಸುತ್ತದೆ, ಮೂಲ ಬರಹ ನಮ್ಮ ಕೈಯಲ್ಲಿಲ್ಲ. ಇನ್ನೊಂದು ಕಡೆ, ಹಳೆಯ ಯಂತ್ರಗಳನ್ನು ಪರೀಕ್ಷಿಸಿ ನೋಡಿಕೊಳ್ಳುವ ಜನ ಕಡಿಮೆಯಾದಾಗ ಬೆಂಬಲ ನಿಲ್ಲುತ್ತದೆ. ಮೂಲ ಬರಹ ಮಾತ್ರ ಉಳಿದಿರುತ್ತದೆ. ಬಯಸಿದವರು ಮುಂದುವರಿಸಬಹುದು. 386 ಬಿಡುಗಡೆಯಾದದ್ದು 1985ರಲ್ಲಿ, ಲಿನಕ್ಸ್ ಅದನ್ನು ಕೈಬಿಟ್ಟದ್ದು 27 ವರ್ಷಗಳ ನಂತರ. ಪೆಂಟಿಯಂ 4 ಬಂದದ್ದು 2000ದಲ್ಲಿ, ಡೆಬಿಯನ್‌ನಲ್ಲಿ ಅದಕ್ಕೂ ಹತ್ತಿರ ಹತ್ತಿರ ಅಷ್ಟೇ ಆಯುಸ್ಸು ಸಿಕ್ಕಿದೆ.

ಕಲ್ಲಿದ್ದಲಿನ ಲೆಕ್ಕ

ಹಳೆಯದೆಲ್ಲವನ್ನೂ ಉಳಿಸಬೇಕೆ? ಭೌತಶಾಸ್ತ್ರದವರು ಲೆಕ್ಕ ಹಾಕದೆ ಹೇಳಬಾರದು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಚುರಪಡಿಸಿದ ಅಧ್ಯಯನದಂತೆ, 17 ಅಂಗುಲದ ಹಳೆಯ ಬಗೆಯ ಪರದೆಯಿರುವ ಒಂದು ಮೇಜು ಗಣಕದ ತಯಾರಿಕೆಗೆ ಕನಿಷ್ಠ 240 ಕಿಲೋಗ್ರಾಂ ಪಳೆಯುಳಿಕೆ ಇಂಧನ, 22 ಕಿಲೋಗ್ರಾಂ ರಾಸಾಯನಿಕಗಳು, 1,500 ಕಿಲೋಗ್ರಾಂ ನೀರು ಬೇಕು. ಇಂದಿನ ಗಣಕಕ್ಕೆ ಇದೇ ಅಂಕಿ ನಿಖರವಾಗಿ ಹೊಂದದಿದ್ದರೂ ಸ್ಥೂಲ ಲೆಕ್ಕಕ್ಕೆ ಸಾಕು.

ಪೆಂಟಿಯಂ 4 ಮತ್ತು ಅದರ ದಪ್ಪ ಪರದೆ ಸೇರಿ ನಮ್ಮ ವಾಟ್ ಮೀಟರಿನಲ್ಲಿ ಸುಮಾರು 150 ವಾಟ್ ತೋರಿಸಿದವು. 2016ರ ಗಣಕ ಮತ್ತು ಅದರ ತೆಳು ಪರದೆ 60 ವಾಟ್. ಹೊಸ ಸಣ್ಣ ಗಣಕಕ್ಕೆ ಪರದೆ ಸಹಿತ 40 ವಾಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 4 ಗಂಟೆಯಂತೆ 200 ದಿನ ನಡೆಸಿದರೆ ವರ್ಷಕ್ಕೆ ಕ್ರಮವಾಗಿ 120, 48 ಮತ್ತು 32 ಯೂನಿಟ್ ವಿದ್ಯುತ್. ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಕಲ್ಲಿದ್ದಲು ಎಂದು ಹಿಡಿಯಿರಿ.

ಪೆಂಟಿಯಂ 4ನ್ನು ತೆಗೆದು ಹೊಸದನ್ನು ತಂದರೆ ವರ್ಷಕ್ಕೆ 88 ಯೂನಿಟ್, ಅಂದರೆ ಸುಮಾರು 62 ಕಿಲೋಗ್ರಾಂ ಕಲ್ಲಿದ್ದಲು ಉಳಿಯುತ್ತದೆ. ಹೊಸದರ ತಯಾರಿಕೆಗೆ ತಗಲಿದ 240 ಕಿಲೋಗ್ರಾಂ ಸುಮಾರು 4 ವರ್ಷಗಳಲ್ಲಿ ತೀರುತ್ತದೆ. ಆದುದರಿಂದ ಮುದಿ ಯಂತ್ರವನ್ನು ದಿನವಿಡೀ ನಡೆಸುವುದು ಜಾಣತನವಲ್ಲ, ವಾರಕ್ಕೆ ಒಂದೆರಡು ಗಂಟೆ ಪ್ರಯೋಗಕ್ಕೆ ಬಳಸುವುದು ಸರಿ. 2016ರ ಯಂತ್ರವನ್ನು ಬದಲಿಸಿದರೆ ಉಳಿಯುವುದು ವರ್ಷಕ್ಕೆ 16 ಯೂನಿಟ್, ಸುಮಾರು 11 ಕಿಲೋಗ್ರಾಂ ಕಲ್ಲಿದ್ದಲು ಮಾತ್ರ. ತಯಾರಿಕೆಯ ಸಾಲ ತೀರಲು 20 ವರ್ಷಕ್ಕೂ ಹೆಚ್ಚು ಬೇಕು! ಹತ್ತು ಗಣಕಗಳನ್ನು ಬದಲಿಸುವುದೆಂದರೆ 2.4 ಟನ್ ಇಂಧನವನ್ನು ಸುಮ್ಮನೆ ಸುಟ್ಟಂತೆ. ಹಣದ ಮಾತು ಬೇರೆ.

ಶಿಕ್ಷಕ ಮಿತ್ರರಿಗೆ

ಅಂದು ಸಂಜೆ 2016ರ ಗಣಕವೊಂದನ್ನು 64 ಬಿಟ್ ಡೆಬಿಯನ್ 13 ಇದ್ದ ಪೆನ್ ಡ್ರೈವ್‌ನಿಂದ, ಡಿಸ್ಕನ್ನು ಮುಟ್ಟದೆಯೇ ನಡೆಸಿ ತೋರಿಸಿದೆವು. ಒಂದೆರಡು ನಿಮಿಷದಲ್ಲಿ ಮೇಜುತೆರೆ ಬಂತು, ಜಾಲಪುಟಗಳು ಸಲೀಸಾಗಿ ತೆರೆದವು. ಮುಖ್ಯೋಪಾಧ್ಯಾಯರು ಐದು ಗಣಕಗಳಿಗೆ ಲಿನಕ್ಸ್ ಹಾಕಿಸಿ, ಉಳಿದ ಐದನ್ನು ವಾರ್ಷಿಕ ಪರೀಕ್ಷೆಯವರೆಗೆ ಇದ್ದಂತೆಯೇ ಬಿಡಲು ನಿರ್ಧರಿಸಿದರು. ಒಳ್ಳೆಯ ವಿಧಾನ. ನೀವೂ ಮೊದಲು ಹೀಗೆ ಪೆನ್ ಡ್ರೈವ್‌ನಿಂದ ನಡೆಸಿ ನೋಡಿ. ಪ್ರಿಂಟರ್, ಧ್ವನಿ, ವೈಫೈ ಕೆಲಸ ಮಾಡುತ್ತವೆಯೇ ಪರೀಕ್ಷಿಸಿ. ಕಡತಗಳ ನಕಲು ಇಟ್ಟುಕೊಂಡೇ ಮುಂದುವರಿಯಿರಿ. ನಿಮ್ಮ ಕಚೇರಿಯ ಕೆಲಸಕ್ಕೆ ನಿರ್ದಿಷ್ಟ ತಂತ್ರಾಂಶವೇ ಬೇಕಾದರೆ ಆ ಒಂದು ಗಣಕವನ್ನು ಬಿಟ್ಟುಬಿಡಿ.

ದುರಸ್ತಿಯಾಗದ ಯಂತ್ರಗಳು ಗುಜರಿಗೆ ಹೋಗಬಾರದು. ಹಳೆಯ ಪರದೆಯ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಇವು ನೋಂದಾಯಿತ ಮರುಬಳಕೆದಾರರನ್ನೇ ಸೇರಬೇಕು. ಕಮಲಾಪುರದ ಕೆಟ್ಟ ಎರಡು ಯಂತ್ರಗಳನ್ನು ಹಾಗೆ ಸಾಗಿಸಲು ಮುಖ್ಯೋಪಾಧ್ಯಾಯರು ಪತ್ರ ಬರೆದಿದ್ದಾರೆ. ಉಳಿದೆರಡು ಈಗ ಬೀಗದ ಕೋಣೆಯಲ್ಲಿಲ್ಲ, ವಿಜ್ಞಾನ ಪ್ರಯೋಗಶಾಲೆಯಲ್ಲಿವೆ. ಸ್ಟಾಕ್ ರಿಜಿಸ್ಟರಿನಲ್ಲಿ ಅವುಗಳ ಮುಂದೆ 'ಉಪಯೋಗದಲ್ಲಿದೆ' ಎಂದು ಬರೆಯಲಾಗಿದೆ.